ಕರೆಂಟ್ ಇಲ್ಲದ ದಿನಗಳಿಗೆ ಥರ್ಮಲ್ ಕುಕ್ಕರ್ ಮತ್ತು ಬ್ಯೂಟೇನ್ ಒಲೆ: ಬಳಸಿ ನೋಡಿ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ. ಬಿರುಗಾಳಿಯೋ, ಪ್ರವಾಹವೋ, ಭೂಕಂಪವೋ, ಯಾವುದೇ ಕಾರಣಕ್ಕೆ ಕರೆಂಟ್ ಹೋಗಿ ದಿನಗಟ್ಟಲೆ ಬರದೇ ಇದ್ದಾಗ ಮನೆಯಲ್ಲಿ ಬಿಸಿ ಊಟ, ಅದೂ ಸತ್ವ ಇರುವ ಊಟ ಮಾಡಿಕೊಳ್ಳಲು ನಾನು ಬಳಸಿದ ವಸ್ತುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಥರ್ಮಲ್ ಕುಕ್ಕರ್. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅದರ ಜೊತೆಗೆ ಬಳಸಿದ ಬ್ಯೂಟೇನ್ ಕ್ಯಾನ್ ಹಾಕುವ ಒಂಟಿ ಬರ್ನರ್ ಒಲೆಗೆ ಮೂರೂವರೆ. ಒಲೆ ಕೆಟ್ಟದ್ದು ಅಂತಲ್ಲ. ಅದನ್ನು ಹಚ್ಚಿದಾಗ ಮೈಯೆಲ್ಲ ಕಣ್ಣಾಗಿರಬೇಕು, ಅದಕ್ಕೆ ಒಂದಂಕ ಕಡಿಮೆ.

ಇವೆರಡನ್ನೂ ಒಟ್ಟಿಗೇ ನೋಡಬೇಕು. ಮಾರುವವರು ಈ ಕುಕ್ಕರನ್ನು "ಒಲೆಯೇ ಬೇಡದ ಅಡುಗೆ" ಅಂತ ಹೇಳುವುದನ್ನು ನೋಡಿದ್ದೇನೆ, ಅದು ಅರ್ಧ ಸತ್ಯ. ಕುಕ್ಕರ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಒಲೆಯ ಮೇಲೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ ಕೊಟ್ಟರೆ, ಆ ಬಿಸಿಯನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಂಡು ಉಳಿದ ಅಡುಗೆ ಮುಗಿಸುತ್ತದೆ, ಅಷ್ಟೇ. ಆದರೆ ಆ "ಅಷ್ಟೇ" ಅನ್ನುವುದರಲ್ಲೇ ಎಲ್ಲ ಇದೆ. ಯಾಕೆಂದರೆ ಕರೆಂಟ್ ಇಲ್ಲದ ಸಮಯದಲ್ಲಿ ದಿನಸಿಗಿಂತ ಮೊದಲು ಕೈಕೊಡುವುದು ಇಂಧನ. ಮನೆಯಲ್ಲಿ ಅಕ್ಕಿ ಬೇಳೆ ಇರುತ್ತದೆ, ಬೇಯಿಸಲು ಮಾತ್ರ ಏನೂ ಇರುವುದಿಲ್ಲ.

ಇದರ ರಚನೆ ತುಂಬಾ ಸರಳ. ಒಳಗೆ ಒಂದು ಸ್ಟೀಲ್ ಪಾತ್ರೆ, ಅದಕ್ಕೆ ದಪ್ಪ ತಳ. ಹೊರಗೆ ಎರಡು ಗೋಡೆಯ ಇನ್ನೊಂದು ಸ್ಟೀಲ್ ಪಾತ್ರೆ. ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದುಬಿಟ್ಟಿರುತ್ತಾರೆ. ಗಾಳಿ ಇಲ್ಲದ ಜಾಗದಲ್ಲಿ ಬಿಸಿ ದಾಟಿ ಹೋಗುವುದು ಬಹಳ ಕಷ್ಟ. ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ಮಾಡಿದ ಫ್ಲಾಸ್ಕಿನ ತತ್ವ ಇದೇ. ಅದಕ್ಕೂ ಮೊದಲು ಜನ ಕುದಿಯುವ ಪಾತ್ರೆಯನ್ನು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹೂತಿಟ್ಟು ಬೇಯಿಸುತ್ತಿದ್ದರು, ಎರಡೂ ಮಹಾಯುದ್ಧಗಳ ಕಾಲದಲ್ಲಿ ಇಂಧನ ಉಳಿಸಲು ಆ ಹುಲ್ಲಿನ ಪೆಟ್ಟಿಗೆಗಳನ್ನು ಎಷ್ಟೋ ಮನೆಗಳಲ್ಲಿ ಬಳಸಿದ್ದಾರೆ. ಹಾಗಾಗಿ ಇದೇನು ಹೊಸ ವಿದ್ಯೆ ಅಲ್ಲ. ಹಳೆಯ ಉಪಾಯವನ್ನೇ ಈಗ ಸ್ಟೀಲಿನಲ್ಲಿ ಮಾಡಿ ಕೊಡುತ್ತಿದ್ದಾರೆ.

ಬಳಸುವುದು ಹೇಗೆ ಅಂತ ಒಂದು ಸಲ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಚೆನ್ನಾಗಿಲ್ಲ ಅಂತ ದೂರುವವರಲ್ಲಿ ಬಹಳ ಜನ ಎಡವುವುದು ಇಲ್ಲೇ. ಕಾಬೂಲ್ ಕಡಲೆ ತೆಗೆದುಕೊಳ್ಳೋಣ. ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ಒಳಪಾತ್ರೆಗೆ ಹಾಕಿ, ಹೊಸ ನೀರು ಹಾಕಿ, ಮುಚ್ಚಳ ಮುಚ್ಚಿಯೇ ಕುದಿಸಿ. ಕುದಿ ಬಂದ ಮೇಲೆ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಯುತ್ತಲೇ ಇರಲಿ, ಕಾಳಿನ ಹೊಟ್ಟೆಯೊಳಕ್ಕೂ ಬಿಸಿ ಹೋಗಬೇಕು. ಆಮೇಲೆ ಮುಚ್ಚಳ ತೆಗೆಯದೆ, ಹಾಗೇ ಎತ್ತಿ ಹೊರಪಾತ್ರೆಯೊಳಗೆ ಇಳಿಸಿ, ಮೇಲಿನ ಮುಚ್ಚಳ ಹಾಕಿಬಿಡಿ. ಒಲೆ ಆರಿಸಿ. ಇನ್ನು ನಾಲ್ಕೈದು ಗಂಟೆ ಅದರ ತಂಟೆಗೆ ಹೋಗಬೇಡಿ. "ಬೆಂದಿದೆಯಾ ನೋಡೋಣ" ಅಂತ ಮಧ್ಯೆ ತೆರೆದರೆ ಹಿಡಿದಿಟ್ಟ ಬಿಸಿಯೆಲ್ಲ ಹಬೆಯ ಜೊತೆ ಹೋಗುತ್ತದೆ, ಅದನ್ನು ವಾಪಸ್ ತರಲು ಮತ್ತೆ ಒಲೆ ಹಚ್ಚಬೇಕು.

ತೆರೆದಾಗ ಏನಿರುತ್ತದೆ ಅಂದರೆ, ಹೊರಗೋಡೆ ಮುಟ್ಟಿದರೆ ತಣ್ಣಗೆ, ಒಳಮುಚ್ಚಳ ಎತ್ತಿದರೆ ಮುಖಕ್ಕೆ ಹಬೆ. ಒಂದು ಕಡಲೆ ತೆಗೆದು ಬೆರಳಿನ ನಡುವೆ ಅದುಮಿದರೆ ಸಿಪ್ಪೆ ಜಾರಿ, ಒಳಗಿನದು ಬೆಣ್ಣೆಯ ಹಾಗೆ ಹರಡುತ್ತದೆ. ಕಾಳು ಒಡೆದಿರುವುದಿಲ್ಲ, ತಳ ಹಿಡಿದಿರುವುದಿಲ್ಲ, ಹಾಕಿದ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಕೊನೆಯದನ್ನು ಗಮನಿಸಿ. ಒಲೆಯ ಮೇಲಾದರೆ ಗಂಟೆಗಟ್ಟಲೆ ಕುದಿದು ನೀರು ಆವಿಯಾಗಿ ಹೋಗುತ್ತದೆ, ಮತ್ತೆ ಮತ್ತೆ ಸುರಿಯಬೇಕು. ಇದರಲ್ಲಿ ಆ ಖರ್ಚಿಲ್ಲ. ತುರ್ತು ಸಮಯಕ್ಕೆ ಒಬ್ಬರಿಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್ ನೀರು ಬೇಕು ಅಂತ ಲೆಕ್ಕ ಹೇಳುತ್ತಾರೆ, ಕುಡಿಯಲು ಮತ್ತು ಅತ್ಯಗತ್ಯ ಬಳಕೆಗೆ ಸೇರಿ. ಪಂಪ್ ನಿಂತು ನಲ್ಲಿಯಲ್ಲಿ ನೀರೂ ಬಾರದಿದ್ದರೆ ಆ ನಾಲ್ಕು ಲೀಟರಿನಲ್ಲಿ ಆವಿಯಾಗಿ ಹೋಗುವ ಒಂದೊಂದು ಲೋಟಕ್ಕೂ ಬೆಲೆ ಇದೆ. ನೀವು ದಿನಾ ಹಾಕುವುದಕ್ಕಿಂತ ಸ್ವಲ್ಪ ಕಡಿಮೆ ನೀರು ಹಾಕಿ, ಇಲ್ಲದಿದ್ದರೆ ಅಡುಗೆ ತೆಳ್ಳಗಾಗುತ್ತದೆ.

ಇನ್ನೊಂದು ಮುಖ್ಯ ವಿಷಯ, ಪಾತ್ರೆ ತುಂಬಿರಬೇಕು. ಮುಕ್ಕಾಲು ಭಾಗವಾದರೂ ತುಂಬಿಸಿದರೆ ಆರು ಗಂಟೆ ಕಳೆದ ಮೇಲೂ ಅಡುಗೆ 70 ಡಿಗ್ರಿಗಿಂತ ಮೇಲೆಯೇ ಇತ್ತು. ಅಡುಗೆ ಥರ್ಮಾಮೀಟರ್ ಚುಚ್ಚಿ ನೋಡಿಯೇ ಹೇಳುತ್ತಿದ್ದೇನೆ. ಕಾಲು ಭಾಗ ಮಾತ್ರ ಹಾಕಿದಾಗ ಬಹಳ ಬೇಗ ಇಳಿಯಿತು. ಹಿಡಿದಿಡಲು ಬಿಸಿಯೇ ಕಡಿಮೆ ಇದ್ದರೆ ಅದಾದರೂ ಏನು ಮಾಡೀತು? ಈ ಡಿಗ್ರಿ ಲೆಕ್ಕ ಸುಮ್ನೆ ಕುತೂಹಲಕ್ಕಲ್ಲ. 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಇರುತ್ತದೆ, ಅದರ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಎದ್ದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅದಕ್ಕೇ 60ಕ್ಕಿಂತ ಕೆಳಗೆ ಇಳಿಯುವ ಮೊದಲೇ ಊಟ ಮುಗಿಯಬೇಕು. ಬೆಳಿಗ್ಗೆ ಇಟ್ಟರೆ ಮಧ್ಯಾಹ್ನ ಉಣ್ಣಿ, ಮಧ್ಯಾಹ್ನ ಇಟ್ಟರೆ ಸಂಜೆ. ರಾತ್ರಿ ಇಟ್ಟು ಮಾರನೇ ದಿನ ಮಧ್ಯಾಹ್ನ ತೆರೆಯುವುದು ಬೇಡವೇ ಬೇಡ. ಮತ್ತು ಉಳಿಯುವಷ್ಟು ಮಾಡಬೇಡಿ. ಫ್ರಿಜ್ ಸತ್ತಿದೆ, ಉಳಿದದ್ದನ್ನು ಇಡಲು ಜಾಗ ಇಲ್ಲ, ಬಡಿಸಿ ಎರಡು ಗಂಟೆ ಹೊರಗಿದ್ದದ್ದನ್ನು ಚೆಲ್ಲಲೇಬೇಕು. ಬಿಸಿಲು ಜೋರಿದ್ದು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಈಗ ನನಗೆ ಸಿಟ್ಟು ತರಿಸಿದ ವಿಷಯ. ಕುಕ್ಕರಿನ ಜೊತೆ ಬಂದ ಕೈಪಿಡಿಯಲ್ಲಿ "ಎಲ್ಲ ಬಗೆಯ ಕಾಳುಗಳನ್ನು ಹತ್ತು ನಿಮಿಷ ಬಿಸಿ ಮಾಡಿ ಒಳಗಿಡಿ" ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದಾರೆ. ರಾಜ್ಮಾ ವಿಷಯದಲ್ಲಿ ಇದು ಅಪಾಯ. ಹಸಿ ಕೆಂಪು ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಅನ್ನುವ ವಿಷಾಂಶ ಇರುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಿ ಆಮೇಲೆ ಭೇದಿ ಹಿಡಿಯುತ್ತದೆ. ಅದು ನಾಶವಾಗಬೇಕಾದರೆ 100 ಡಿಗ್ರಿಯ ಕುದಿ ಬೇಕು. 80 ಡಿಗ್ರಿಯ ಹತ್ತಿರ ನಿಧಾನವಾಗಿ ಬೆಂದರೆ ವಿಷ ಹೋಗುವುದಿರಲಿ, ಹಸಿಯದಕ್ಕಿಂತ ಹೆಚ್ಚಾಗಲೂಬಹುದು. ಥರ್ಮಲ್ ಕುಕ್ಕರಿನ ಒಳಗಿನ ಬಿಸಿ ಸರಿಯಾಗಿ ಆ 80ರ ಆಸುಪಾಸಿನಲ್ಲೇ ಓಡಾಡುತ್ತದೆ ಅನ್ನುವುದನ್ನು ಮರೆಯಬೇಡಿ! ಕಾಳು ಮೆತ್ತಗಾಗಿರುತ್ತದೆ, ನೋಡಲು ಬೆಂದ ಹಾಗೇ ಇರುತ್ತದೆ, ಅದೇ ಮೋಸ.

ರಾಜ್ಮಾ ಬೇಕೇ ಬೇಕು ಅಂದರೆ ಕನಿಷ್ಠ ಐದು ಗಂಟೆ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿ, ಆಮೇಲೆ ಕುಕ್ಕರಿಗೆ ಇಳಿಸಿ. ಅಷ್ಟು ಇಂಧನ ಇಲ್ಲದಿದ್ದರೆ ಆ ದಿನ ರಾಜ್ಮಾದ ಆಸೆ ಬಿಡಿ. ಡಬ್ಬಿಯಲ್ಲಿ ಬರುವ ರಾಜ್ಮಾ ಆಗಲೇ ಬೆಂದಿರುತ್ತದೆ, ಅದಕ್ಕೆ ಈ ಭಯವಿಲ್ಲ. ಮನೆಯಲ್ಲಿ ಪ್ರೆಶರ್ ಕುಕ್ಕರ್ ಇದ್ದು ಅದನ್ನು ಒಲೆಗೆ ಏರಿಸುವ ಹಾಗಿದ್ದರೆ ಇನ್ನೂ ಒಳ್ಳೆಯದು, ಅದರೊಳಗೆ ಬಿಸಿ 120 ಡಿಗ್ರಿಯ ತನಕ ಹೋಗುತ್ತದೆ. ನೀರಿಗೇ ಪರದಾಡುವ ಹೊತ್ತಿನಲ್ಲಿ ಮನೆಮಂದಿಗೆಲ್ಲ ವಾಂತಿಭೇದಿ ಆದರೆ ಏನು ಗತಿ ಅಂತ ಯೋಚಿಸಿ. ಕೈಪಿಡಿ ಬರೆದವರು ಈ ಒಂದು ಎಚ್ಚರಿಕೆ ಹಾಕಿದ್ದರೆ ನಾನು ಪೂರ್ತಿ ಐದು ಅಂಕ ಕೊಡುತ್ತಿದ್ದೆ.

ಸಿಪ್ಪೆ ತೆಗೆದು ಒಡೆದ ಬೇಳೆಗೆ ಈ ತಲೆನೋವು ಇಲ್ಲ. ನೆನೆಸುವುದೂ ಬೇಡ. ಹತ್ತು ನಿಮಿಷ ಕುದಿಸಿ ಒಂದೂವರೆ ಎರಡು ಗಂಟೆ ಬಿಟ್ಟರೆ ಕರಗಿ ಹೋಗುತ್ತದೆ. ಅಕ್ಕಿ ಐದು ನಿಮಿಷ ಕುದಿದರೆ ಸಾಕು. ಆಲೂಗಡ್ಡೆ, ಕ್ಯಾರೆಟ್ ಬಹಳ ಚೆನ್ನಾಗಿ ಬರುತ್ತವೆ. ಮಾಂಸ ಹಾಕುವವರು ಸಣ್ಣ ತುಂಡು ಮಾಡಿ, ಒಲೆಯ ಮೇಲೆಯೇ ಒಳಗಿನ ತನಕ ಬಿಸಿ ಹೋಗುವಷ್ಟು ಕುದಿಸಿ, ಕೋಳಿಯಾದರೆ ತುಂಡಿನ ಮಧ್ಯಭಾಗ 74 ಡಿಗ್ರಿ ಮುಟ್ಟಿರಬೇಕು. ಸೊಪ್ಪು ಮಾತ್ರ ಇದರಲ್ಲಿ ಹಾಳು, ಗಂಟೆಗಟ್ಟಲೆ ಬಿಸಿಯಲ್ಲಿ ಕೂತು ಬಣ್ಣ, ರುಚಿ, ವಿಟಮಿನ್ ಸಿ ಎಲ್ಲ ಕಳೆದುಕೊಳ್ಳುತ್ತದೆ. ಬಡಿಸುವಾಗ ಸಣ್ಣಗೆ ಹೆಚ್ಚಿ ಮೇಲೆ ಹಾಕಿ, ಆ ಬಿಸಿಗೇ ಬಾಡುತ್ತದೆ. ಹುರಿಯುವುದು, ಕರಿಯುವುದು, ಒಗ್ಗರಣೆ ಇದರ ಕೆಲಸ ಅಲ್ಲ.

ಸತ್ವದ ಮಾತಿಗೆ ಬರುತ್ತೇನೆ, ಯಾಕೆಂದರೆ ನಾನು ಇದನ್ನು ಕೊಂಡದ್ದೇ ಅದಕ್ಕೆ. ಕರೆಂಟ್ ಹೋದಾಗ ಜನ ಬಿಸ್ಕತ್ತು, ಚಿಪ್ಸ್, ಬ್ರೆಡ್ಡಿನಲ್ಲಿ ದಿನ ದೂಡುತ್ತಾರೆ. ಒಂದು ದಿನಕ್ಕೆ ತೊಂದರೆ ಇಲ್ಲ. ಮೂರನೇ ದಿನಕ್ಕೆ ಮಕ್ಕಳು ಸಪ್ಪಗಾಗುತ್ತಾರೆ, ವಯಸ್ಸಾದವರಿಗೆ ಹೊಟ್ಟೆ ಕಟ್ಟುತ್ತದೆ, ಮನೆ ಶುಚಿ ಮಾಡಿ ಸಾಮಾನು ಎತ್ತಿಡುವವರಿಗೆ ಕೈಕಾಲಲ್ಲಿ ಶಕ್ತಿ ಇರುವುದಿಲ್ಲ. ಒಣಗಿದ ಕಾಳುಬೇಳೆಗಳಲ್ಲಿ 100 ಗ್ರಾಮಿಗೆ 20 ಗ್ರಾಮಿಗಿಂತ ಜಾಸ್ತಿ ಪ್ರೋಟೀನ್ ಇರುತ್ತದೆ, ನಾರಿನಂಶವೂ ಧಾರಾಳ. ಪ್ರೋಟೀನ್ ಆಗುವುದು ಅಮೈನೋ ಆಮ್ಲ ಅನ್ನುವ ಸಣ್ಣ ಘಟಕಗಳಿಂದ. ಅವುಗಳಲ್ಲಿ ಲೈಸಿನ್ ಅನ್ನುವುದು ಅಕ್ಕಿಯಲ್ಲಿ ಕಡಿಮೆ, ಬೇಳೆಯಲ್ಲಿ ಜಾಸ್ತಿ. ಮಿಥಿಯೋನಿನ್ ಅನ್ನುವ ಇನ್ನೊಂದು ಬೇಳೆಯಲ್ಲಿ ಕಡಿಮೆ, ಅದನ್ನು ಅಕ್ಕಿ ತುಂಬುತ್ತದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಹಾಕಿ, ಕ್ಯಾರೆಟ್, ಆಲೂಗಡ್ಡೆ, ಇದ್ದರೆ ಡಬ್ಬಿಯ ಟೊಮೇಟೊ ಸೇರಿಸಿ, ಬಡಿಸುವಾಗ ಒಂದು ಹಿಡಿ ಕಡಲೆಕಾಯಿ ಬೀಜ ಹಾಕಿದರೆ ಅದು ತುರ್ತು ಊಟ ಅಲ್ಲ, ದಿನದ ಒಳ್ಳೆಯ ಊಟ. ಬೆಳಿಗ್ಗೆಗೆ ಓಟ್ಸ್ ಮತ್ತು ಹಾಲಿನ ಪುಡಿ. ಕೆನೆ ತೆಗೆದ ಹಾಲಿನ ಪುಡಿಯಲ್ಲಿ 100 ಗ್ರಾಮಿಗೆ 35 ಗ್ರಾಮಿನಷ್ಟು ಪ್ರೋಟೀನ್ ಇದೆ, ಫ್ರಿಜ್ ಬೇಡ, ಮನೆಯಲ್ಲಿ ಒಂದು ಪೊಟ್ಟಣ ಇರಲೇಬೇಕು. ಡಬ್ಬಿಯ ಕಾಳು ಬಳಸುವವರು ಮನೆಯಲ್ಲಿ ನೀರು ಸಾಕಷ್ಟಿದ್ದರೆ ತೊಳೆದು ಹಾಕಿ, ಉಪ್ಪು ಎಷ್ಟೋ ಕಡಿಮೆಯಾಗುತ್ತದೆ. ಉಪ್ಪು ತಿಂದಷ್ಟೂ ಬಾಯಾರುತ್ತದೆ ಅಲ್ವಾ?

ಆದರೆ ಇದೆಲ್ಲ ಮೊದಲನೇ ದಿನದ ಅಡುಗೆ ಅಲ್ಲ. ಮೊದಲು ಫ್ರಿಜ್ಜಿನಲ್ಲಿರುವುದನ್ನು ಖಾಲಿ ಮಾಡಿ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಹಾಗಾಗಿ ಮೊದಲ ಹೊತ್ತಿಗೆ ಫ್ರಿಜ್ಜಿನ ಮೊಟ್ಟೆ, ಹಾಲು, ತರಕಾರಿ, ಆಮೇಲೆ ಫ್ರೀಜರಿನದು, ಕೊನೆಗೆ ಒಣ ದಿನಸಿ. ಒಂದೇ ಸಲ ಬಾಗಿಲು ತೆಗೆದು ಬೇಕಾದ್ದೆಲ್ಲ ತೆಗೆದುಕೊಂಡು ಮುಚ್ಚಿಬಿಡಿ. ಕೆಟ್ಟಿದೆಯೋ ಇಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುವುದು ಬೇಡ.

ಒಲೆಯ ಬಗ್ಗೆ. ಚಪ್ಪಟೆ ಪೆಟ್ಟಿಗೆಯಂಥ ಒಲೆ, ಪಕ್ಕದ ಗೂಡಿನಲ್ಲಿ 220 ಗ್ರಾಮಿನ ಬ್ಯೂಟೇನ್ ಕ್ಯಾನ್ ಮಲಗಿಸಿ ಸನ್ನೆ ಒತ್ತಿದರೆ ಕೂರುತ್ತದೆ. ಬೆಂಕಿಪೆಟ್ಟಿಗೆ ಬೇಡ, ಗುಂಡಿ ತಿರುಗಿಸಿದರೆ ಕಿಡಿ ಹಾರಿ ಹತ್ತಿಕೊಳ್ಳುತ್ತದೆ. ಉರಿ ಜೋರಿದೆ, ಪಾತ್ರೆ ಅಲುಗಾಡದೆ ಕೂರುತ್ತದೆ, ಈ ಮಟ್ಟಿಗೆ ಮೆಚ್ಚಿಗೆ. ದೊಡ್ಡ ಉರಿಯಲ್ಲೇ ಇಟ್ಟರೆ ಒಂದು ಕ್ಯಾನ್ ಒಂದರಿಂದ ಒಂದೂವರೆ ಗಂಟೆ ಬರುತ್ತದೆ. ಕಾಳು ಬೇಯಿಸುವುದನ್ನು ಪೂರ್ತಿ ಒಲೆಯ ಮೇಲೆ ಮಾಡಿದರೆ ಕ್ಯಾನಿನ ದೊಡ್ಡ ಪಾಲು ಒಂದೇ ಅಡುಗೆಗೆ ಮುಗಿಯುತ್ತದೆ. ಥರ್ಮಲ್ ಕುಕ್ಕರ್ ಜೊತೆ ಅದೇ ಕ್ಯಾನಿನಲ್ಲಿ ಮೂರರಿಂದ ನಾಲ್ಕು ಅಡುಗೆ ಆಗುತ್ತದೆ. ನಾನು ಕುಕ್ಕರಿಗೆ ಜಾಸ್ತಿ ಅಂಕ ಕೊಟ್ಟದ್ದು ಈ ಲೆಕ್ಕಕ್ಕೇ.

ಅಂಕ ಕಡಿಮೆಯಾದದ್ದು ಎಲ್ಲಿ ಅಂದರೆ, ಒಂದು, ಚಳಿ. ಬ್ಯೂಟೇನ್ ದ್ರವದಿಂದ ಅನಿಲವಾಗುವುದು ಸೊನ್ನೆ ಡಿಗ್ರಿಯ ಹತ್ತಿರ. ಚಳಿ ಜೋರಿದ್ದಾಗ ಕ್ಯಾನಿನಲ್ಲಿ ಇನ್ನೂ ಅರ್ಧ ಇದ್ದರೂ ಉರಿ ಸೊರಗುತ್ತದೆ. ತುಂಬಾ ಚಳಿಯ ಕಡೆ ಇರುವವರು ಪ್ರೊಪೇನ್ ಬೆರೆಸಿದ ಕ್ಯಾನ್ ಹಿಡಿಯುವ ಒಲೆ ನೋಡಿಕೊಳ್ಳಿ. ಉರಿ ಕಡಿಮೆಯಾಯಿತು ಅಂತ ಕ್ಯಾನನ್ನು ಬೆಂಕಿಯ ಹತ್ತಿರ ಹಿಡಿದು ಬಿಸಿ ಮಾಡುವ ಕೆಲಸಕ್ಕೆ ಮಾತ್ರ ಯಾವತ್ತೂ ಹೋಗಬೇಡಿ. ಇನ್ನೊಂದು ಪಾತ್ರೆಯ ಅಳತೆ. ಅಗಲವಾದ ಪಾತ್ರೆ ಇಟ್ಟರೆ ಅದರ ಅಂಚು ಕ್ಯಾನಿನ ಗೂಡಿನ ಮೇಲೆ ಬಂದು, ಅದರ ತಳದ ಬಿಸಿ ಕೆಳಗೆ ಬಡಿದು ಕ್ಯಾನ್ ಕಾಯುತ್ತದೆ. ಒಳ್ಳೆಯ ಒಲೆಗಳಲ್ಲಿ ಒತ್ತಡ ಏರಿದರೆ ತಾನಾಗಿ ಅನಿಲ ನಿಲ್ಲಿಸುವ ವ್ಯವಸ್ಥೆ ಇರುತ್ತದೆ, ಅದಿಲ್ಲದ್ದನ್ನು ಕೊಳ್ಳಬೇಡಿ. ಇದ್ದರೂ ಅದನ್ನೇ ನಂಬಿ ದೊಡ್ಡ ಪಾತ್ರೆ ಏರಿಸಬೇಡಿ. ನನ್ನ ಕುಕ್ಕರಿನ ಒಳಪಾತ್ರೆ ಒಲೆಯ ಅಂಚಿನೊಳಗೇ ಕೂರುತ್ತದೆ, ಎರಡನ್ನೂ ಕೊಳ್ಳುವಾಗ ಈ ಅಳತೆ ತಾಳೆ ನೋಡಿ.

ಎಲ್ಲಕ್ಕಿಂತ ದೊಡ್ಡ ಭಯ ಕಾರ್ಬನ್ ಮೊನಾಕ್ಸೈಡ್, ಒಲೆ ಉರಿಯುವಾಗ ಹುಟ್ಟುವ ವಿಷಾನಿಲ. ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು ಬಂದು ತಲೆ ಸುತ್ತಿದಾಗ ಸುಸ್ತಿರಬೇಕು ಅಂದುಕೊಂಡು ಮಲಗಿದವರು ಏಳದೇ ಹೋಗಬಹುದು. ಮುಚ್ಚಿದ ಕೋಣೆ, ಗ್ಯಾರೇಜ್, ಡೇರೆ, ಕಾರು, ಇವುಗಳ ಒಳಗೆ ಒಲೆ ಹಚ್ಚಲೇಬಾರದು. ನಾನು ಬಯಲಿಗೆ ತೆರೆದಿರುವ ಜಾಗದಲ್ಲಿ ಮಾತ್ರ ಹಚ್ಚುತ್ತೇನೆ, ಕುದಿ ಮುಗಿದ ತಕ್ಷಣ ಆರಿಸಿ ಪಾತ್ರೆ ಒಳಗೆ ತರುತ್ತೇನೆ. ಇಲ್ಲೂ ಥರ್ಮಲ್ ಕುಕ್ಕರ್ ಸಹಾಯಕ್ಕೆ ಬಂತು. ಹೊರಗೆ ಮಳೆ ಗಾಳಿ ಇದ್ದಾಗ ಎರಡು ಗಂಟೆ ಒಲೆ ಕಾಯುವುದು ಆಗದ ಮಾತು, ಇಪ್ಪತ್ತೈದು ನಿಮಿಷ ಹೇಗಾದರೂ ಆಗುತ್ತದೆ. ಇದ್ದಿಲು ಒಲೆಯನ್ನು ಮನೆಯೊಳಗೆ ತರುವವರಿಗೂ ಇದೇ ಮಾತು, ಅದು ಇನ್ನೂ ಅಪಾಯ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಮನೆಯಲ್ಲಿರಲಿ.

ಹಸುಗೂಸಿಗೆ ಪುಡಿ ಹಾಲು (ಶಿಶುಗಳಿಗೆಂದೇ ಮಾಡಿದ ಫಾರ್ಮುಲಾ) ಕೊಡುವ ಮನೆಗಳಿಗೆ ಒಂದು ಮಾತು. ಆ ಪುಡಿ ಕ್ರಿಮಿರಹಿತವಲ್ಲ, ಅದನ್ನು ಕುದಿಸಿ ಆರಿಸಿದ, ಆದರೆ 70 ಡಿಗ್ರಿಗಿಂತ ಕೆಳಗೆ ಇಳಿಯದ ನೀರಿನಲ್ಲಿ ಕಲಸಿ, ಆಮೇಲೆ ತಣಿಸಿ ಕುಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕರೆಂಟ್ ಇಲ್ಲದ ರಾತ್ರಿ ಮಗು ಅತ್ತಾಗಲೆಲ್ಲ ಒಲೆ ಹಚ್ಚುವುದು ಎಲ್ಲಿಂದ? ಸಂಜೆಯೇ ನೀರು ಕುದಿಸಿ ಒಳ್ಳೆಯ ಫ್ಲಾಸ್ಕ್ ತುಂಬಿಸಿಟ್ಟರೆ ಕೆಲವು ಗಂಟೆ ಆ ಬಿಸಿ ಸಿಗುತ್ತದೆ, ಥರ್ಮಾಮೀಟರ್ ಇಟ್ಟು ನೋಡಿಕೊಂಡರೆ ಆಯಿತು. ನೀರು ಶುದ್ಧವೋ ಅಲ್ಲವೋ ಅನುಮಾನ ಇದ್ದಾಗ ಕೊತಕೊತ ಒಂದು ನಿಮಿಷ ಕುದಿಸಬೇಕು, 2000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ.

ಸಣ್ಣಪುಟ್ಟ ದೂರುಗಳೂ ಇವೆ. ಮೇಲಿನ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ವಾಸನೆ ಹಿಡಿಯುತ್ತದೆ, ಬೆಳ್ಳುಳ್ಳಿ ಹಾಕಿದ ಮಾರನೇ ದಿನ ಓಟ್ಸಿಗೂ ಅದೇ ವಾಸನೆ. ಬಿಚ್ಚಿ ತೊಳೆದು ಒಣಗಿಸಿದರೆ ಹೋಗುತ್ತದೆ. ಬಿಡಿ ಗ್ಯಾಸ್ಕೆಟ್ ಬೇಕು ಅಂತ ಮಾರಿದವರನ್ನು ಕೇಳಿದರೆ ಇಲ್ಲ ಅಂದರು, ಇದು ಸರಿಯಲ್ಲ. ಗ್ಯಾಸ್ಕೆಟ್ ಹೋದರೆ ಇಡೀ ಪಾತ್ರೆ ಕೆಲಸಕ್ಕೆ ಬಾರದು. ಕೊಳ್ಳುವಾಗಲೇ ಒಂದು ಜಾಸ್ತಿ ಕೊಡುವವರ ಹತ್ತಿರ ತೆಗೆದುಕೊಳ್ಳಿ. ಒಳಪಾತ್ರೆಯ ಬಳೆಯಂಥ ಹಿಡಿ ಒಲೆಯ ಮೇಲೆ ಕಾಯುತ್ತದೆ, ಬಟ್ಟೆ ಇಲ್ಲದೆ ಎತ್ತಲು ಹೋಗಬೇಡಿ. ತುಂಬಿದಾಗ ಭಾರ ಜಾಸ್ತಿ, ಕೈಯಲ್ಲಿ ಬಲವಿಲ್ಲದ ಹಿರಿಯರಿಗೆ ಒಬ್ಬರೇ ಎತ್ತಿ ಇಳಿಸುವುದು ಕಷ್ಟ.

ಕೊಳ್ಳಲು ಆಗದವರು ಕೊರಗಬೇಕಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಅದೇ ರೀತಿ ಕುದಿಸಿ, ಒಲೆ ಆರಿಸಿದ ಮೇಲೆ ದಪ್ಪ ಟವೆಲ್ಲಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಕಂಬಳಿ ದಿಂಬುಗಳ ನಡುವೆ ಒತ್ತಾಗಿ ಕೂರಿಸಿದರೆ ಅನ್ನ, ಬೇಳೆ ಚೆನ್ನಾಗಿಯೇ ಬೇಯುತ್ತದೆ. ಬಿಸಿ ಬೇಗ ಇಳಿಯುತ್ತದೆ, ಹಾಗಾಗಿ ಬೇಯಲು ಹೊತ್ತು ಹಿಡಿಯುವ ಕಾಳು, ಮಾಂಸ ಬೇಡ. ಬೆಂದ ತಕ್ಷಣ ಉಂಡುಬಿಡಿ. ಒಬ್ಬರೇ ಇರುವವರಿಗೂ ದೊಡ್ಡ ಕುಕ್ಕರ್ ದಂಡ, ಅಗಲ ಬಾಯಿಯ ಒಂದು ಫ್ಲಾಸ್ಕ್ ಸಾಕು. ಮೊದಲು ಬಿಸಿನೀರು ಸುರಿದು ಫ್ಲಾಸ್ಕನ್ನೇ ಬೆಚ್ಚಗೆ ಮಾಡಿಕೊಂಡು, ಆ ನೀರು ತೆಗೆದು, ಓಟ್ಸ್ ಮತ್ತು ಕುದಿಯುವ ನೀರು ಹಾಕಿ ಮುಚ್ಚಿಟ್ಟರೆ ಊಟ ತಯಾರು.

ನಾಲ್ಕು ಜನರ ಮನೆಗೆ ನಾಲ್ಕೂವರೆ ಲೀಟರಿನದು ಸರಿ, ಅದಕ್ಕಿಂತ ದೊಡ್ಡದು ತೆಗೆದುಕೊಂಡರೆ ತುಂಬಿಸಲಾಗದೆ ಬಿಸಿ ನಿಲ್ಲುವುದಿಲ್ಲ. ತಂದ ದಿನವೇ ಒಂದು ಪರೀಕ್ಷೆ ಮಾಡಿ. ಒಳಪಾತ್ರೆ ತುಂಬ ಕುದಿಯುವ ನೀರು ಹಾಕಿ, ಮುಚ್ಚಿ, ಒಂದು ಗಂಟೆ ಬಿಟ್ಟು ಹೊರಗೋಡೆಯನ್ನು ಸುತ್ತಲೂ ಅಂಗೈಯಿಂದ ಮುಟ್ಟಿ ನೋಡಿ. ಮುಚ್ಚಳದ ಅಂಚಿನ ಹತ್ತಿರ ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಗೋಡೆಯೇ ಬಿಸಿಯಾಗಿದ್ದರೆ ನಡುವಿನ ನಿರ್ವಾತ ಹೋಗಿದೆ ಅಂತ ಅರ್ಥ, ಅದನ್ನು ಸರಿಮಾಡಲು ಬರುವುದಿಲ್ಲ, ವಾಪಸ್ ತೆಗೆದುಕೊಳ್ಳುವ ಗಡುವು ಮುಗಿಯುವ ಮೊದಲೇ ಕೊಟ್ಟು ಬೇರೆ ತನ್ನಿ.